ಕಾಲಲ್ಲಿ ಒತ್ತೋ ಕ್ಲಚ್ಚು ಕೈ ಕೊಟ್ಟರೆ



ನಮ್ಮಪ್ಪ ಮೈಸೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. ದಸರಾ ದಿನಗಳಲ್ಲಿ ದುಡಿದರೇನೇ ಕಾರಿನ ಸಾಲದ ಕಂತು ಕಟ್ಟೋಕೆ ಆಗೋದು. ಈ ಸಲ ರಜೆಗೆ ನಾನು ಹೋದ ಎರಡನೇ ದಿನವೇ ಚಾಮುಂಡಿ ಬೆಟ್ಟದ ದಾರೀಲಿ ಕಾರು ಕೈ ಕೊಟ್ಟಿತು. ಕ್ಲಚ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಗ್ತಿತ್ತು, ಗೇರ್ ಹಾಕಿದರೆ ಕರ್ರ್ ಅಂತಿತ್ತು. ಹೇಗೋ ಇಳಿಸಿಕೊಂಡು ಬಂದರು. ಒಂದು ಗ್ಯಾರೇಜಿನವರು ನೋಡಿ, "ಕ್ಲಚ್ ಪ್ಲೇಟ್ ಹೋಗಿದೆ. ಗೇರ್ ಬಾಕ್ಸ್ ಇಳಿಸಬೇಕು, ಮೂರು ದಿನ ಆಗುತ್ತೆ" ಅಂದರು. ಅಪ್ಪನ ಮುಖ ಸಣ್ಣಗಾಯಿತು.

ನಮ್ಮ ಸೋದರಮಾವ ಮೆಕ್ಯಾನಿಕ್. ಅವರು ಬಂದು, "ಭಾವ, ಸುಮ್ನೆ ಬಿಚ್ಚಿಸ್ಬೇಡಿ. ಮೊದ್ಲು ನೋಡಣ" ಅಂದರು. ಅವತ್ತು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕ್ಲಚ್ ಅಂದರೇನು? ಎಂಜಿನ್ ಸುತ್ತುತ್ತಲೇ ಇರುತ್ತದೆ. ಗೇರ್ ಬದಲಾಯಿಸುವಾಗ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಇರುವ ಸಂಬಂಧವನ್ನು ಸ್ವಲ್ಪ ಹೊತ್ತು ಬಿಡಿಸುವುದೇ ಕ್ಲಚ್ಚಿನ ಕೆಲಸ. ಮಾರುತಿ 800 ಕಾರಿನಲ್ಲಿ ಇದನ್ನು ಕೇಬಲ್ ಎಳೆಯುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಹಿಂದೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳಲ್ಲೂ ಕೇಬಲ್ಲೇ. ಆದರೆ ಅಪ್ಪನ ಕಾರಿನಲ್ಲಿ ಕೇಬಲ್ ಇಲ್ಲ, ಆಯಿಲ್ ಇದೆ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನಲ್ಲಿ ತಳ್ಳುತ್ತದೆ. ಆ ಒತ್ತಡಕ್ಕೆ ಗೇರ್ ಬಾಕ್ಸಿನ ಹತ್ತಿರ ಇರುವ ಸ್ಲೇವ್ ಸಿಲಿಂಡರ್ ಒಂದು ಕಡ್ಡಿಯನ್ನು ದೂಡಿ ಕ್ಲಚ್ ಬಿಡಿಸುತ್ತದೆ. ಇದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (1623–1662) ಹೇಳಿದ ನಿಯಮ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ.

ನೀವೂ ಮಾಡಿ ನೋಡಿ. ಸೂಜಿ ಇಲ್ಲದ ಎರಡು ಹೊಸ ಸಿರಿಂಜು ತಂದು, ನಡುವೆ ಸಣ್ಣ ಪೈಪು ಸಿಕ್ಕಿಸಿ ನೀರು ತುಂಬಿ. ಒಂದನ್ನು ಒತ್ತಿದರೆ ಇನ್ನೊಂದು ಕೂಡಲೇ ಏಳುತ್ತದೆ. ಆಮೇಲೆ ಸ್ವಲ್ಪ ಗಾಳಿ ಬಿಟ್ಟು ಒತ್ತಿ. ಮೆತ್ತಗಾಗುತ್ತದೆ, ಆ ಕಡೆಯದು ತಡವಾಗಿ ಏಳುತ್ತದೆ. ಯಾಕೆಂದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಅಪ್ಪನ ಪೆಡಲ್ಲಿಗೂ ಇದೇ ಆಗಿತ್ತು.

ಮಾವ ಕಂಡುಹಿಡಿದ ಕ್ರಮ ಹೀಗಿದೆ:

1. ಎಂಜಿನ್ ನಿಲ್ಲಿಸಿ ಗೇರ್ ಹಾಕಿದರು. ಸಲೀಸಾಗಿ ಬಿತ್ತು. ಅಂದರೆ ಗೇರ್ ಬಾಕ್ಸ್ ಸರಿ ಇದೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ.

2. ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ಒತ್ತಿದರು. ಗಟ್ಟಿಯಾಯಿತು. ಅಂದರೆ ಪೈಪಿನಲ್ಲಿ ಗಾಳಿ ಸೇರಿದೆ.

3. ಆಯಿಲ್ ಡಬ್ಬಿ ನೋಡಿದರು. ತಳ ಮುಟ್ಟಿತ್ತು. "ಪೆಟ್ರೋಲ್ ತರ ಈ ಆಯಿಲ್ ಉರ್ದು ಹೋಗಲ್ಲ ಕಣ್ಲಾ. ಕಮ್ಮಿ ಆಗದೆ ಅಂದ್ರೆ ಎಲ್ಲೋ ಸೋರ್ತಾ ಅದೆ" ಅಂದರು.

4. ಪೆಡಲ್ ಮೇಲಿನ ಕಡ್ಡಿ, ಕೆಳಗಿನ ಮ್ಯಾಟು ಮುಟ್ಟಿ ನೋಡಿದೆ, ಒಣಗಿತ್ತು. ಕಾರಿನ ಕೆಳಗೆ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಒದ್ದೆ! ಕಳ್ಳ ಸಿಕ್ಕಿದ.

ಎಲ್ಲೂ ಸೋರದೇ, ಒತ್ತಿ ಹಿಡಿದ ಪೆಡಲ್ ತಾನಾಗೇ ಇಳಿದರೆ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿರುತ್ತದೆ. ಎಂಜಿನ್ ಮಾತ್ರ ಜೋರಾಗಿ ಕೂಗಿ ಕಾರು ಏರು ಹತ್ತದೇ, ಸುಟ್ಟ ವಾಸನೆ ಬಂದರೆ ಪ್ಲೇಟ್ ಸವೆದಿರಬಹುದು. ಆಗ ಬಾಕ್ಸ್ ಇಳಿಸಲೇಬೇಕು. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಬಾಕ್ಸಿನ ಒಳಗೇ ಇರುತ್ತದೆ, ಅದಕ್ಕೂ ಇಳಿಸಬೇಕಾಗುತ್ತದೆ.

ಮಾವ ಸ್ಲೇವ್ ಬಿಚ್ಚಿ, ಒಳಗೆ ಬೆರಳಾಡಿಸಿ ಗೀರು ಇಲ್ಲ ಅಂತ ನೋಡಿಕೊಂಡು, ಸವೆದ ರಬ್ಬರ್ ತೆಗೆದು ಹೊಸದು ಹಾಕಿದರು. ಗೀರು ಇದ್ದಿದ್ದರೆ ಸಿಲಿಂಡರೇ ಹೊಸದು ಬೇಕಾಗ್ತಿತ್ತು. ಡಬ್ಬಿ ಮುಚ್ಚಳದ ಮೇಲೆ ಬರೆದಿದ್ದ ನಂಬರಿನ ಬ್ರೇಕ್ ಆಯಿಲ್ಲನ್ನೇ ತುಂಬಿದರು. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಆಮೇಲೆ ಗಾಳಿ ತೆಗೆಯೋ ಕೆಲಸ. ಪೆಡಲ್ ಒತ್ತೋದು ನನ್ನ ಪಾಲಿಗೆ ಬಂತು! ಸ್ಲೇವಿನ ನಿಪ್ಪಲ್ಲಿಗೆ ಪೈಪು ಹಾಕಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದರು. ನಾನು ಒತ್ತಿ ಹಿಡಿಯಬೇಕು, ಅವರು ನಿಪ್ಪಲ್ ಸಡಿಲಿಸಬೇಕು, ಗುಳ್ಳೆ ಬಂದ ಮೇಲೆ ಬಿಗಿ ಮಾಡಬೇಕು, ಆಮೇಲೆ ಮಾತ್ರ ನಾನು ಕಾಲು ತೆಗೆಯಬೇಕು. ಮೂರನೇ ಸಲ ನಾನು ಅವಸರದಲ್ಲಿ ಮೊದಲೇ ಕಾಲು ತೆಗೆದುಬಿಟ್ಟೆ. ಹೋದ ಗಾಳಿ ವಾಪಸ್ ಒಳಗೆ ಬಂತು! ಮಾವ ಬೈಯಲಿಲ್ಲ. "ಇನ್ನೊಂದ್ಸಲ" ಅಂದರು ಅಷ್ಟೇ. ನಡುನಡುವೆ ಡಬ್ಬಿಗೆ ಆಯಿಲ್ ತುಂಬುತ್ತಾ, ಗುಳ್ಳೆ ನಿಲ್ಲುವ ತನಕ ಮಾಡಿದೆವು.

ಎಂಜಿನ್ ಓಡುವಾಗ ರಿವರ್ಸ್ ಗೇರ್ ಹಾಕಿದರು. ಶಬ್ದವೇ ಇಲ್ಲ! ಮೂರು ದಿನ ಅಂದಿದ್ದ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ರಬ್ಬರಿನ ಬೆಲೆ ಅಪ್ಪನ ಒಂದು ಬಾಡಿಗೆಗಿಂತ ಕಮ್ಮಿ. ಸಂಜೆ ಅಪ್ಪ ಮತ್ತೆ ಬೆಟ್ಟಕ್ಕೆ ಬಾಡಿಗೆ ಹೊಡೆದರು.

ಒಂದು ಎಚ್ಚರಿಕೆ: ಬ್ರೇಕ್ ಆಯಿಲ್ ಕಾರಿನ ಬಣ್ಣ ತಿನ್ನುತ್ತದೆ, ಕಣ್ಣಿಗೂ ಕೆಟ್ಟದ್ದು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಗ್ಗಬಾರದು. ದೊಡ್ಡವರಿಲ್ಲದೆ ಮುಟ್ಟಬೇಡಿ.

ಯಾರಾದರೂ "ದೊಡ್ಡ ರಿಪೇರಿ" ಅಂದ ಕೂಡಲೇ ಹೆದರಬೇಡಿ. ಮೊದಲು ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ!

— 7ನೇ ತರಗತಿ ವಿದ್ಯಾರ್ಥಿ