ಮೈಯೊಳಗಿನ ಗಡಿಯಾರಗಳು



ಪಾಯಾ ಲೆಬಾರ್ ಎಂಆರ್‌ಟಿ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಕೆಲಸಕ್ಕೆ ಹೊರಟವರಿಗೆ ರಾತ್ರಿ ಪಾಳಿ ಮುಗಿಸಿ ಬಂದವರು ಎದುರಾಗುತ್ತಾರೆ. ನಿಲ್ದಾಣದ ಗಡಿಯಾರ ಇಬ್ಬರಿಗೂ ಒಂದೇ. ಮೈಯೊಳಗಿನ ಗಡಿಯಾರ ಬೇರೆ. ಅಷ್ಟೇ ಅಲ್ಲ, ಒಬ್ಬರ ಮೈಯಲ್ಲೇ ಒಂದೊಂದು ಜೀವಕೋಶದ ಗಡಿಯಾರವೂ ತುಸು ಬೇರೆ.

ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ನಿದ್ರೆ ಎಚ್ಚರಗಳಿಗೆ ತಾಳ ಹಾಕುವ ನರಕೋಶಗಳ ಗುಂಪಿದೆ. 1995ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಯ ಈ ಕೋಶಗಳನ್ನು ಬಿಡಿಯಾಗಿ ಬೆಳೆಸಿ ನೋಡಿದರು. ಒಂದೇ ತಟ್ಟೆಯಲ್ಲಿದ್ದರೂ ಒಂದೊಂದು ಕೋಶ ತನ್ನದೇ ವೇಳೆಗೆ ಚುರುಕಾಗುತ್ತಿತ್ತು. ಮಿದುಳಿನೊಳಗೆ ಇವು ಪರಸ್ಪರ ರಾಸಾಯನಿಕ ಸಂದೇಶ ಕಳಿಸಿ ತಾಳ ಹೊಂದಿಸಿಕೊಳ್ಳುತ್ತವೆ, ಡೊಳ್ಳಿನ ಮೇಳದವರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಬಾರಿಸುವ ಹಾಗೆ.

ಈ ಭೇದ ದೋಷವಲ್ಲ. ಹಗಲು ದೀರ್ಘವಾದಾಗ ಕೋಶಗಳು ಚುರುಕಾಗುವ ವೇಳೆ ಹರಡಿಕೊಳ್ಳುತ್ತದೆ, ಹಗಲು ಕಿರಿದಾದಾಗ ಒತ್ತಾಗುತ್ತದೆ. ಋತು ಬದಲಾದದ್ದು ಮೈಗೆ ತಿಳಿಯುವುದು ಹೀಗೆಯೇ. ಇಡೀ ಜೀವಿಗಳಲ್ಲೂ ಇಂಥ ಭೇದವಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮ ಮತ್ತು ಸಂಗಡಿಗರು, ಬೆಳಿಗ್ಗೆ ಕೋಶದಿಂದ ಹೊರಬರುವ ಹಣ್ಣುನೊಣಗಳನ್ನೂ ಸಂಜೆ ಹೊರಬರುವವನ್ನೂ ತಲೆಮಾರುಗಳ ಕಾಲ ಬೇರೆಬೇರೆಯಾಗಿ ಸಾಕಿದರು. ಬೆಳಗಿನವುಗಳ ಗಡಿಯಾರ ವೇಗವಾಯಿತು, ಸಂಜೆಯವುಗಳದು ನಿಧಾನವಾಯಿತು.

ಚಿಕಿತ್ಸೆಯಲ್ಲೂ ಕೋಶಕೋಶದ ಭೇದ ಮುಖ್ಯ. 1944ರಲ್ಲಿ ಜೋಸೆಫ್ ಬಿಗ್ಗರ್, ಪೆನಿಸಿಲಿನ್ ಹಾಕಿದರೂ ಕೆಲವು ರೋಗಾಣುಗಳು ಉಳಿಯುವುದನ್ನು ಕಂಡರು. ಅವುಗಳ ಸಂತತಿ ಅದೇ ಔಷಧಕ್ಕೆ ಮತ್ತೆ ಸಾಯುತ್ತಿತ್ತು. ಅಂದರೆ ಅವು ಬೇರೆ ತಳಿಯಲ್ಲ, ಆ ಹೊತ್ತಿಗೆ ಮಂಕಾಗಿ ಮಲಗಿದ್ದವು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಬೇಕಾಗಿರುವುದಕ್ಕೆ ಇಂಥ ಮಲಗಿದ ರೋಗಾಣುಗಳೂ ಒಂದು ಕಾರಣ. ಕ್ಯಾನ್ಸರ್ ಕೋಶಗಳಲ್ಲೂ ಹೀಗೆಯೇ: ವಂಶವಾಹಿ ಒಂದೇ ಇದ್ದರೂ ಒಳಗಿನ ಪ್ರೋಟೀನಿನ ಪ್ರಮಾಣ ಹೆಚ್ಚುಕಡಿಮೆಯಾದರೆ ಒಂದು ಸಾಯುತ್ತದೆ, ಪಕ್ಕದ್ದು ಉಳಿಯುತ್ತದೆ.

ಹೊರನಾಡಿನಲ್ಲಿ ದುಡಿಯುವ ನಮಗೆ ಇದರಿಂದ ಎರಡು ಮಾತು. ಜ್ವರ ಬಿಟ್ಟಿತು, ಕೆಮ್ಮು ನಿಂತಿತು ಎಂದು ಕ್ಷಯದ ಮಾತ್ರೆಯನ್ನು ನಡುವೆ ಬಿಡಬೇಡಿ, ಮಲಗಿದವು ಏಳುತ್ತವೆ. ಇನ್ನೊಂದು, ಪಾಳಿಯಲ್ಲಿ ದುಡಿಯುವವರು ವೈದ್ಯರಿಗೆ ಅದನ್ನು ಮೊದಲೇ ಹೇಳಿ. ಯಕೃತ್ತು ಕೊಲೆಸ್ಟರಾಲ್ ಹೆಚ್ಚು ತಯಾರಿಸುವುದು ರಾತ್ರಿ. ಅದಕ್ಕೇ ಸಿಮ್ವಾಸ್ಟಾಟಿನ್ ಮಾತ್ರೆಯನ್ನು ಸಂಜೆ ಕೊಡುತ್ತಾರೆ. ಆದರೆ ಹಗಲು ಮಲಗಿ ರಾತ್ರಿ ಉಣ್ಣುವವರಿಗೆ “ಮಲಗುವ ಮುನ್ನ” ಎಂದರೆ ಯಾವ ಹೊತ್ತು? ಚೀಟಿ ಕೈಗೆ ಬಂದ ಕೂಡಲೇ ಆ ಪ್ರಶ್ನೆ ಕೇಳಿ. ಪಕ್ಕದ ಹಾಸಿಗೆಯ ಗೆಳೆಯನಿಗೆ ಹೊಂದಿದ ವೇಳೆ ನಿಮಗೂ ಹೊಂದಬೇಕೆಂದಿಲ್ಲ.