ಒಂದು ದಿನದ ಮೋಜಿನ ಆಯವ್ಯಯ

ಕಳೆದ ವರ್ಷ ಬೇಸಿಗೆ ರಜೆಯ ಒಂದು ಭಾನುವಾರ, ನಗರದ ಹೊರವಲಯದ ಮನರಂಜನಾ ಉದ್ಯಾನವೊಂದರ ಟಿಕೆಟ್ ಕೌಂಟರ್ ಮುಂದೆ ಸಂಸಾರ ಸಮೇತ ನಿಂತಿದ್ದೆ. ಇಂಥ ಕಡೆ ಮಕ್ಕಳ ಟಿಕೆಟ್ಟನ್ನು ಸಾಮಾನ್ಯವಾಗಿ ವಯಸ್ಸು ಕೇಳಿ ಕೊಡುವುದಿಲ್ಲ, ಎತ್ತರ ನೋಡಿ ಕೊಡುತ್ತಾರೆ. ಪಕ್ಕದ ಕಂಬದ ಮೇಲೆ 140 ಸೆಂಟಿಮೀಟರ್ ಎತ್ತರಕ್ಕೆ ಒಂದು ಗೆರೆ. ತಲೆ ಅದಕ್ಕಿಂತ ಕೆಳಗಿದ್ದರೆ ಮಕ್ಕಳ ದರ, ಮೇಲಿದ್ದರೆ ದೊಡ್ಡವರ ದರ. ಹನ್ನೊಂದು ವರ್ಷದ ಮಗಳ ತಲೆ ಗೆರೆಯಿಂದ ಎರಡು ಬೆರಳು ಮೇಲಿತ್ತು. ನಾನು ಅವಳ ಕಿವಿಯ ಬಳಿ ಬಾಗಿ, ‘ಸ್ವಲ್ಪ ಮಂಡಿ ಬಗ್ಗಿಸಿ ನಿಲ್ಲು’ ಎಂದೆ.

ಅವಳು ನನ್ನ ಮುಖ ನೋಡಿದಳು. ಮತ್ತೆ ಕಂಬದ ಕಡೆ ತಿರುಗಿ ನೆಟ್ಟಗೆ ನಿಂತಳು. ನಾನು ದೊಡ್ಡವರ ಟಿಕೆಟ್ಟನ್ನೇ ಕೊಂಡೆ. ಒಳಗೆ ಹೋದ ಮೇಲೆ ಗೊತ್ತಾಯಿತು, ಅಲ್ಲಿನ ಅತ್ಯಂತ ಎತ್ತರದ, ಅತ್ಯಂತ ವೇಗದ ರೈಡ್‌ಗಳನ್ನು ಏರಲು ಕನಿಷ್ಠ 140 ಸೆಂಟಿಮೀಟರ್ ಎತ್ತರವಿರಬೇಕು. ಹೊರಗೆ ಗಿಡ್ಡಳಾಗಿ ಬಂದವಳು ಒಳಗೆ ಯಾವ ಮುಖ ಹೊತ್ತು ಉದ್ದವಾಗಬೇಕಿತ್ತು? ಕೆಲವು ನೂರು ರೂಪಾಯಿ ಉಳಿಸಲು ಹೊರಟ ನನ್ನ ಜಾಣತನ ಅವಳ ದಿನದ ಅರ್ಧ ಸುಖವನ್ನೇ ಕಸಿಯುವುದರಲ್ಲಿತ್ತು.

ಆ ರಾತ್ರಿ ಮಲಗುವ ಮುನ್ನ ಅವಳು ಕೇಳಿದಳು: ‘ಅಪ್ಪಾ, ನಮ್ಮ ಹತ್ರ ದುಡ್ಡು ಇರ್ಲಿಲ್ವಾ? ಮೊದಲೇ ಹೇಳಿದ್ರೆ ಬೇರೆ ಎಲ್ಲಿಗಾದ್ರೂ ಹೋಗಬಹುದಿತ್ತು.’

ದುಡ್ಡು ಇರಲಿಲ್ಲವೆಂದಲ್ಲ, ಲೆಕ್ಕ ಇರಲಿಲ್ಲ. ಹಿಂದಿನ ವಾರ ನಾನು ಟಿಕೆಟ್ ದರವನ್ನಷ್ಟೇ ನೋಡಿ ಹೊರಟಿದ್ದೆ. ಗೇಟು ಮುಟ್ಟುವ ಹೊತ್ತಿಗೆ ಪೆಟ್ರೋಲು, ಟೋಲು, ಹೋಟೆಲಿನ ತಿಂಡಿ, ಪಾರ್ಕಿಂಗ್ ಸೇರಿ ಸಾವಿರಕ್ಕೂ ಮಿಕ್ಕಿ ಕರಗಿತ್ತು. ಗಾಬರಿಯಾದ ಕೈ ಎಲ್ಲಿ ಸಿಕ್ಕಿದರೆ ಅಲ್ಲಿ ಉಳಿತಾಯ ಹುಡುಕುತ್ತದೆ. ನನ್ನ ಕೈಗೆ ಸಿಕ್ಕಿದ್ದು ಮಗಳ ಮಂಡಿ.

ನಮ್ಮ ತಲೆಮಾರಿನವರು ಬಾಲ್ಯದಲ್ಲಿ ಕಂಡ ಮೋಜಿಗೆ ಇಂಥ ಲೆಕ್ಕಾಚಾರ ಬೇಕಿರಲಿಲ್ಲ. ಊರ ಜಾತ್ರೆಗೆ ಹೊರಟಾಗ ಹಿರಿಯರು ಅಂಗೈ ಮೇಲೆ ಇಟ್ಟ ಚಿಲ್ಲರೆಯೇ ನಮ್ಮ ಆಯವ್ಯಯ. ತೊಟ್ಟಿಲು ಒಮ್ಮೆ ತಿರುಗಿದರೆ ಇಷ್ಟು, ಕುದುರೆ ಗಾಲಿಗೆ ಇಷ್ಟು, ಬೆಂಡು ಬತ್ತಾಸಿಗೆ ಇಷ್ಟು. ಮುಷ್ಟಿ ಖಾಲಿಯಾದರೆ ಜಾತ್ರೆ ಮುಗಿಯಿತು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬ ಪಾಠ ಅಲ್ಲಿಯೇ ಆಗುತ್ತಿತ್ತು.

ಆಧುನಿಕ ಉದ್ಯಾನಗಳೂ ಆರಂಭದಲ್ಲಿ ಜಾತ್ರೆಯ ಪದ್ಧತಿಯನ್ನೇ ಅನುಸರಿಸಿದವು. 1955ರ ಜುಲೈನಲ್ಲಿ ವಾಲ್ಟ್ ಡಿಸ್ನಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ವಯಸ್ಕರ ಪ್ರವೇಶ ಶುಲ್ಕ ಒಂದು ಡಾಲರ್. ಒಳಗಿನ ಪ್ರತಿ ರೈಡ್‌ಗೂ ಬೇರೆ ಹಣ ತೆರಬೇಕಿತ್ತು. ಅದೇ ವರ್ಷ ಬಿಡಿ ಬಿಡಿ ಚೀಟಿಗಳ ಪುಸ್ತಕ ಬಂತು. 1982ರಲ್ಲಿ ಆ ಚೀಟಿಗಳೂ ಹೋಗಿ, ಬಾಗಿಲಲ್ಲಿ ಒಮ್ಮೆ ಕೊಟ್ಟರೆ ಒಳಗೆ ಎಷ್ಟು ಬೇಕಾದರೂ ಆಡಬಹುದೆಂಬ ಪದ್ಧತಿ ನೆಲೆಗೊಂಡಿತು. ನಮ್ಮಲ್ಲಿ 1984ರಲ್ಲಿ ದೆಹಲಿಯ ಅಪ್ಪು ಘರ್, 1989ರಲ್ಲಿ ಮುಂಬೈಯ ಎಸ್ಸೆಲ್ ವರ್ಲ್ಡ್ ಬಂದವು. ಅಪ್ಪು ಘರ್ 2008ರಲ್ಲಿ ಬಾಗಿಲು ಮುಚ್ಚಿತು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಆರಂಭಿಸಿದ ಕೊಚೌಸೆಫ್ ಚಿಟ್ಟಿಲಪಿಳ್ಳಿ 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ತೆರೆದರು. ಬೆಂಗಳೂರಿನ ಮಧ್ಯಮ ವರ್ಗದ ಮಕ್ಕಳ ಬೇಸಿಗೆ ರಜೆಯಲ್ಲಿ ‘ರೈಡ್’ ಎಂಬ ಪದ ಖಾಯಂ ಆದದ್ದು ಆಮೇಲೆ.

ಒಂದೇ ಟಿಕೆಟ್ಟಿನ ಪದ್ಧತಿ ಗ್ರಾಹಕರಿಗೆ ನೆಮ್ಮದಿ ನೀಡುವುದು ನಿಜ. ಪ್ರತಿ ಸಲ ಪರ್ಸ್ ತೆಗೆಯುವ ಕಿರಿಕಿರಿ ಇಲ್ಲ. ಆದರೆ ಅದು ನಮ್ಮ ಮನಸ್ಸಿನ ಮೇಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮೊದಲೇ ಕೊಟ್ಟ ಹಣವನ್ನು ‘ವಸೂಲು’ ಮಾಡಬೇಕೆಂಬ ಹಟ ಹುಟ್ಟುತ್ತದೆ. ಬೆಳಿಗ್ಗೆ ಹೊಕ್ಕವರು ಸಂಜೆ ಗೇಟು ಮುಚ್ಚುವವರೆಗೆ ಹೊರಬರುವುದಿಲ್ಲ. ಅಷ್ಟು ಹೊತ್ತು ಒಳಗಿದ್ದವರಿಗೆ ಹಸಿವಾಗುತ್ತದೆ, ಬಾಯಾರುತ್ತದೆ. ನೀರಿಗಿಳಿಯಲು ಹತ್ತಿಯ ಬಟ್ಟೆ ಆಗದು, ನೈಲಾನ್ ಉಡುಪೇ ಆಗಬೇಕು. ಮೊಬೈಲು, ಒಡವೆ ಇಡಲು ಲಾಕರ್ ಬೇಕು. ಹೊರಗಿನ ತಿಂಡಿ ಒಳಗೆ ಒಯ್ಯುವಂತಿಲ್ಲ ಎಂಬುದು ಇಂಥ ಉದ್ಯಾನಗಳ ಸಾಮಾನ್ಯ ನಿಯಮ. ಹೀಗೆ, ಎಲ್ಲವನ್ನೂ ಒಳಗೊಂಡಂತೆ ಕಾಣುವ ಟಿಕೆಟ್ಟು ವಾಸ್ತವದಲ್ಲಿ ಖರ್ಚಿನ ಮೊದಲ ಕಂತು ಮಾತ್ರ.

ಮರುದಿನ ಕುಳಿತು ನಮ್ಮ ಪ್ರವಾಸದ ಲೆಕ್ಕ ಬರೆದೆ. ನಾನು, ಪತ್ನಿ, ಮಗಳು, ಏಳು ವರ್ಷದ ಮಗ ಮತ್ತು ನನ್ನ ತಾಯಿ, ಐವರ ಟಿಕೆಟ್ 6,100 ರೂ. ಪೆಟ್ರೋಲ್ 700, ಟೋಲ್ ಮತ್ತು ಪಾರ್ಕಿಂಗ್ 400. ಬೆಳಗಿನ ತಿಂಡಿ 550, ಮಧ್ಯಾಹ್ನದ ಊಟ ಮತ್ತು ಸಂಜೆಯ ಜೋಳ, ಐಸ್‌ಕ್ರೀಂ ಸೇರಿ 1,450. ಮನೆಯಲ್ಲಿ ಮರೆತುಬಂದ ನೈಲಾನ್ ಉಡುಪಿನ ಬದಲಿಗೆ ಅಲ್ಲಿಯೇ ಕೊಂಡದ್ದು 600, ಲಾಕರ್ 200, ಕಿರುಚುವ ಭಂಗಿಯ ಫೋಟೊ 300. ದಣಿದು ಮನೆಗೆ ಬಂದು ಅಡುಗೆ ಮಾಡುವವರಾರು ಎಂದು ದಾರಿಯ ಹೋಟೆಲಿನಲ್ಲಿ ಮಾಡಿದ ಊಟ 900. ಒಟ್ಟು 11,200 ರೂಪಾಯಿ. ಟಿಕೆಟ್ಟಿನ ಆಚೆಗೆ ಆದ ಖರ್ಚು 5,100. ನನ್ನ ಅಂದಾಜು ಅರ್ಧಕ್ಕರ್ಧ ತಪ್ಪಿತ್ತು.

ಅದರಲ್ಲಿ ಒಂದು ಬಾಬ್ತು ಈಗಲೂ ಚುಚ್ಚುತ್ತದೆ. ಅಮ್ಮನಿಗೆ ಹಿರಿಯ ನಾಗರಿಕರ ರಿಯಾಯಿತಿ ಸಿಕ್ಕಿತ್ತೇನೋ ಸರಿ. ಆದರೆ ಮಂಡಿನೋವಿನ ಅವರು ಯಾವ ರೈಡ್ ಹತ್ತಬೇಕಿತ್ತು? ಇಡೀ ದಿನ ಮರದ ಕೆಳಗಿನ ಬೆಂಚಿನ ಮೇಲೆ ನಮ್ಮ ಚೀಲಗಳ ನಡುವೆ ಕುಳಿತಿದ್ದರು. ಸಂಜೆ ನಗುತ್ತಲೇ, ‘ಬ್ಯಾಗ್ ಕಾಯೋದಕ್ಕೆ ಇಷ್ಟು ದುಡ್ಡು ಕೊಟ್ಟು ಬಂದ್ನಲ್ಲಪ್ಪ’ ಎಂದರು. ಬರುತ್ತೀರಾ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕರೆದುಕೊಂಡು ಹೋಗುವುದು ನಮ್ಮ ಕರ್ತವ್ಯವೆಂದು ನಾವೇ ತೀರ್ಮಾನಿಸಿದ್ದೆವು.

11,200 ರೂಪಾಯಿ ಎಷ್ಟು ದೊಡ್ಡ ಮೊತ್ತ? ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ನಗರವಾಸಿಯೊಬ್ಬರ ಸರಾಸರಿ ಮಾಸಿಕ ಬಳಕೆ ವೆಚ್ಚ 6,996 ರೂ., ಗ್ರಾಮೀಣರದು 4,122 ರೂ. ಅಂದರೆ ಐವರಿರುವ ಸರಾಸರಿ ನಗರ ಕುಟುಂಬವೊಂದು ತಿಂಗಳಿಡೀ ಅಕ್ಕಿ ಬೇಳೆ, ಹಾಲು, ಬಸ್ಸು, ಔಷಧ, ಶಾಲೆ ಎಂದು ವ್ಯಯಿಸುವುದು ಸುಮಾರು 35,000 ರೂಪಾಯಿ. ನಾವು ಒಂದೇ ದಿನದಲ್ಲಿ ಅದರ ಮೂರನೆಯ ಒಂದು ಪಾಲನ್ನು ಮುಗಿಸಿ ಬಂದಿದ್ದೆವು.

ಹಾಗೆಂದು ಹೋಗಲೇಬಾರದೇ? ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ಆಸೆಪಡುವವರ ಬಾಯಿ ಮುಚ್ಚಿಸಲು ಮಾತ್ರ ಬಳಸುತ್ತ ಬಂದಿದ್ದೇವೆ. ಹಾಸಿಗೆ ಎಷ್ಟಿದೆ ಎಂದು ಅಳೆಯಿರಿ ಎಂಬುದೂ ಆ ಗಾದೆಯ ಮಾತೇ. ಮಧ್ಯಮ ವರ್ಗದ ಮನೆಯ ಆಯವ್ಯಯದಲ್ಲಿ ಬಾಡಿಗೆ, ಸಾಲದ ಕಂತು, ಟ್ಯೂಷನ್, ವಿಮೆ ಎಲ್ಲಕ್ಕೂ ಒಂದೊಂದು ಸಾಲಿದೆ. ಸಂತೋಷಕ್ಕೆ ಸಾಲಿಲ್ಲ. ಆದ್ದರಿಂದ ಸಂತೋಷ ಪ್ರತಿ ಸಲವೂ ಬೇರೆ ಯಾವುದೋ ಬಾಬ್ತಿನಿಂದ ಕದ್ದ ಹಣದಲ್ಲಿ ನಡೆಯುತ್ತದೆ. ಕದ್ದ ಹಣದ ಸಂತೋಷದಲ್ಲಿ ಸಿಡಿಮಿಡಿ ಬೆರೆತೇ ಇರುತ್ತದೆ. ಉದ್ಯಾನಗಳ ಊಟದ ಕೌಂಟರುಗಳ ಮುಂದೆ ಮಕ್ಕಳನ್ನು ಗದರುವ ತಂದೆತಾಯಿಗಳನ್ನು ಗಮನಿಸಿದರೆ ಇದು ಅರ್ಥವಾದೀತು.

ಉದ್ಯಾನದ ಅರ್ಥಶಾಸ್ತ್ರ ಸ್ವಲ್ಪ ತಿಳಿದಿದ್ದರೆ ಉಳಿತಾಯದ ದಾರಿಯೂ ಕಾಣುತ್ತದೆ. ಭೂಮಿ, ಯಂತ್ರ, ನೀರಿನ ಶುದ್ಧೀಕರಣ, ಸಿಬ್ಬಂದಿಯ ಸಂಬಳ, ಇವುಗಳ ವೆಚ್ಚ ಜನ ಬಂದರೂ ಬಾರದಿದ್ದರೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಕೆಲಸದ ದಿನಗಳಲ್ಲಿ ಕಡಿಮೆ ದರಕ್ಕೆ ಕರೆಯುವುದೂ ರಜಾದಿನಗಳಲ್ಲಿ ದರ ಏರಿಸುವುದೂ ಅವರಿಗೆ ಲಾಭ. ಭಾನುವಾರ ಹೋದವರು ಹೆಚ್ಚು ಹಣ ಕೊಟ್ಟು ಹೆಚ್ಚು ಹೊತ್ತು ಸಾಲಿನಲ್ಲಿ ನಿಲ್ಲುತ್ತಾರೆ. ಮುಂಗಡ ಕಾಯ್ದಿರಿಸಿದವರಿಗೆ, ವಿದ್ಯಾರ್ಥಿಗಳಿಗೆ, ಗುಂಪಾಗಿ ಬರುವವರಿಗೆ ರಿಯಾಯಿತಿ ಕೊಡುವುದುಂಟು. ತೆರಿಗೆಯತ್ತಲೂ ಕಣ್ಣಿಡಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಮನರಂಜನಾ ಉದ್ಯಾನಗಳ ಪ್ರವೇಶಕ್ಕೆ ಶೇ 28ರಷ್ಟು ತೆರಿಗೆ ಬಿತ್ತು. 2018ರ ಜನವರಿಯಲ್ಲಿ ಅದನ್ನು ಶೇ 18ಕ್ಕೆ ಇಳಿಸಲಾಯಿತು. ಶೇ 18 ಎಂದರೆ ಸಾವಿರ ರೂಪಾಯಿ ಮೂಲದರಕ್ಕೆ 180 ರೂಪಾಯಿ. ಜಾಹೀರಾತಿನ ದರ ತೆರಿಗೆ ಸೇರಿಸಿದ್ದೋ ಸೇರಿಸದ್ದೋ ಎಂದು ನೋಡದೆ ಹೊರಟರೆ ಐವರ ಸಂಸಾರಕ್ಕೆ ಅಲ್ಲಿಯೇ ಒಂದು ಊಟದ ಹಣ ತಪ್ಪುತ್ತದೆ.

ಮಗಳ ಪ್ರಶ್ನೆಗೆ ಉತ್ತರವಾಗಿ ಆ ವಾರವೇ ಮನೆಯಲ್ಲಿ ಒಂದು ಡಬ್ಬಿ ಇಟ್ಟೆವು. ತಿಂಗಳಿಗೆ 700 ರೂಪಾಯಿ. ವರ್ಷಕ್ಕೆ 8,400. ಅದರೊಳಗೆ ಏನಾಗುತ್ತದೋ ಅಷ್ಟೇ, ಲೆಕ್ಕ ಮಕ್ಕಳದು ಎಂದೆ. ಈ ವರ್ಷ ರಜೆ ಬಂದಾಗ ಇಬ್ಬರೂ ನೋಟ್‌ಬುಕ್ ಹಿಡಿದು ಕುಳಿತರು. ನಾನು ನಿರೀಕ್ಷಿಸದಿದ್ದ ಒಂದು ಸಾಲನ್ನು ಮಗಳು ಮೊದಲೇ ಬರೆದಿದ್ದಳು. ಅವಳ ಗೆಳತಿಯ ಟಿಕೆಟ್.

ಆ ಹುಡುಗಿಯ ತಾಯಿ ಮನೆಯಲ್ಲಿಯೇ ಹೊಲಿಗೆ ಮಾಡಿ ಸಂಸಾರ ತೂಗಿಸುವವರು. ಹಿಂದಿನ ವರ್ಷ ಶಾಲೆಯಿಂದ ಇಂಥದೇ ಉದ್ಯಾನಕ್ಕೆ ಪ್ರವಾಸ ಹೊರಟಾಗ ಅವಳು ‘ನನಗೆ ನೀರೆಂದರೆ ಭಯ’ ಎಂದು ಉಳಿದುಕೊಂಡಿದ್ದಳಂತೆ. ಭಯ ನೀರಿನದಲ್ಲವೆಂಬುದು ಮಗಳಿಗೆ ಗೊತ್ತಿತ್ತು. ಸೋಮವಾರ ಸುತ್ತೋಲೆ, ಶುಕ್ರವಾರದೊಳಗೆ ಹಣ ಎಂಬ ನಮ್ಮ ಶಾಲೆಗಳ ಪದ್ಧತಿಯಲ್ಲಿ ಎಷ್ಟು ಮಕ್ಕಳು ಹೀಗೆ ಹೊಟ್ಟೆನೋವು, ತಲೆಸುತ್ತು, ನೀರಿನ ಭಯಗಳನ್ನು ತಂದುಕೊಳ್ಳುತ್ತಾರೋ! ಜೂನ್ ತಿಂಗಳಲ್ಲೇ ಪ್ರವಾಸದ ಪೂರ್ಣ ವೆಚ್ಚ ತಿಳಿಸಿ ಸಣ್ಣ ಕಂತುಗಳಲ್ಲಿ ಹಣ ಪಡೆದರೆ, ಇನ್ನಷ್ಟು ಅಗ್ಗದ ಸ್ಥಳವನ್ನೂ ಪೋಷಕರ ಮುಂದಿಟ್ಟರೆ ಶಾಲೆಗಳಿಗೆ ನಷ್ಟವೇನೂ ಇಲ್ಲ.

ಗೆಳತಿಯ ಟಿಕೆಟ್ಟಿಗೆ ಹಣ ಹೊಂದಿಸುವುದು ಹೇಗೆ? ಮೊದಲು ಮಾತನಾಡಿದವರು ಅಮ್ಮ: ‘ನಾನು ಬರಲ್ಲ ಕಣೇ. ಚಾಮರಾಜಪೇಟೇಲಿ ನಮ್ಮಕ್ಕನ ಮನೆಗೆ ಹೋಗ್ತೀನಿ. ನನ್ನ ಪಾಲು ಆ ಹುಡುಗಿಗಿರಲಿ.’ ಮಕ್ಕಳು ಕಾರಿನ ಸಾಲನ್ನು ಹೊಡೆದುಹಾಕಿ ಬಸ್ಸು ಎಂದು ಬರೆದರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲವಾದ್ದರಿಂದ ಹಣ ಕೊಡಬೇಕಾದವರು ನಾನು ಮತ್ತು ಮಗ ಮಾತ್ರ. ತಿಂಡಿ ಮನೆಯಲ್ಲೇ. ಫೋಟೊ ಬೇಡ. ಲಾಕರ್ ಒಂದೇ ಸಾಕು. ಹುಡುಗಿಯ ತಾಯಿಯನ್ನು ಕೇಳಲು ಪತ್ನಿ ಹೋದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ರಾತ್ರಿ ಊಟ ನಮ್ಮದು’ ಎಂದರು. ಮಗಳು ಅದನ್ನೂ ನೋಟ್‌ಬುಕ್ಕಿನಲ್ಲಿ ಒಂದು ಬಾಬ್ತಾಗಿ ಬರೆದುಕೊಂಡಳು.

ಬುಧವಾರ ಹೋದೆವು. ವಿದ್ಯಾರ್ಥಿ ರಿಯಾಯಿತಿ ಸೇರಿ ಐವರ ಟಿಕೆಟ್ 5,000 ರೂ., ಬಸ್ಸು 200, ಒಳಗಿನ ಊಟ ತಿಂಡಿ 1,300, ಲಾಕರ್ 100. ಮೂವರು ಮಕ್ಕಳಿಗೆ ತಲಾ ನೂರು ರೂಪಾಯಿ ಸ್ವಂತ ಖರ್ಚಿಗೆ. ಅದು ಜಾತ್ರೆಯ ಚಿಲ್ಲರೆಯಿದ್ದಂತೆ, ಮುಗಿದರೆ ಮುಗಿಯಿತು. ಆಪತ್ತಿಗೆಂದು ಇಟ್ಟುಕೊಂಡಿದ್ದ 500 ಹಾಗೆಯೇ ಉಳಿಯಿತು. ಒಟ್ಟು 6,900 ರೂಪಾಯಿ. ಸಂಜೆ ಗೇಟಿನ ಹೊರಗೆ, ಬಸ್ಸಿಗೆ ಕಾಯುತ್ತ, ಆ ಹುಡುಗಿ ತಾನು ಬಿಡದೆ ಹೊತ್ತು ತಂದು ಲಾಕರಿನಲ್ಲಿ ಜೋಪಾನ ಮಾಡಿದ್ದ ಡಬ್ಬಿ ಬಿಚ್ಚಿದಳು. ಚಪಾತಿ, ಆಲೂಗಡ್ಡೆ ಪಲ್ಯ. ಅವಳೇ ಎಲ್ಲರಿಗೂ ಬಡಿಸಿದಳು. ನೀರಿನ ಭಯದ ಮಾತು ಯಾರೂ ಎತ್ತಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದರೂ ವರ್ಷಕ್ಕೊಮ್ಮೆ ಇಂಥ ದಿನ ಎಟುಕದ ಮನೆಗಳು ಈ ನಗರದಲ್ಲಿ ಬಹಳಷ್ಟಿವೆ ಎಂಬುದನ್ನು ಮರೆಯಲಾಗದು. ಮಕ್ಕಳ ಆಟ ಕೇವಲ ಕೊಳ್ಳುವ ಸರಕಾಗಬಾರದು ಎಂಬ ಕಾರಣಕ್ಕೇ ಕಬ್ಬನ್ ಉದ್ಯಾನದ ಬಾಲಭವನದಂಥ ಜಾಗಗಳು, ಬಡಾವಣೆಯ ಆಟದ ಮೈದಾನಗಳು ಸುಸ್ಥಿತಿಯಲ್ಲಿರಬೇಕು. ಅದು ಸರ್ಕಾರದ ಆಯವ್ಯಯದ ಮಾತು. ಮನೆಯ ಆಯವ್ಯಯವಂತೂ ನಮ್ಮ ಕೈಯಲ್ಲಿದೆ. ಮಕ್ಕಳಿಂದ ನಾವು ಹಣದ ಮಾತನ್ನು ಮುಚ್ಚಿಡುವುದು ಅವರಿಗೆ ನೋವಾಗದಿರಲಿ ಎಂದು. ಆದರೆ ‘ಇಷ್ಟೇ ಇದೆ’ ಎಂದು ಮೊದಲೇ ಹೇಳಿದರೆ ಅವರು ಕೊರಗುವುದಿಲ್ಲ. ಅಷ್ಟರಲ್ಲೇ ಇನ್ನೊಬ್ಬರಿಗೆ ಜಾಗ ಮಾಡುವುದು ಹೇಗೆಂದು ಯೋಚಿಸುತ್ತಾರೆ. ಹೇಳದೆ ಹೋದರೆ, ಎಲ್ಲೋ ಒಂದು ಕಂಬದ ಮುಂದೆ ಅವರಿಗೆ ಮಂಡಿ ಬಗ್ಗಿಸಲು ಹೇಳಬೇಕಾಗುತ್ತದೆ. ಮುಂದಿನ ರಜೆಗೆ ಟಿಕೆಟ್ ಕಾಯ್ದಿರಿಸುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲು ಹಿಡಿದು ಮಕ್ಕಳ ಜೊತೆ ಕುಳಿತುಕೊಳ್ಳಿ. ಅದಕ್ಕೆ ಶುಲ್ಕವೂ ಇಲ್ಲ, ಎತ್ತರದ ನಿಯಮವೂ ಇಲ್ಲ.