ಬೈಸಿಕಲ್ಲಿನ ದುರಸ್ತಿಯ ಕಷ್ಟಸುಖ



ಗಡಿಯಾರಕ್ಕೆ ಮುಚ್ಚಳವುಂಟು, ಮೋಟಾರು ಗಾಡಿಗೆ ಬಾನೆಟ್ಟು ಉಂಟು, ಹೊಲಿಗೆಯ ಯಂತ್ರವೂ ತನ್ನ ಒಳಗುಟ್ಟನ್ನು ಸ್ವಲ್ಪ ಮರೆಮಾಡಿಯೇ ಇಟ್ಟುಕೊಂಡಿರುತ್ತದೆ. ಬೈಸಿಕಲ್ಲಿಗೆ ಮಾತ್ರ ಇಂತಹ ಸಂಕೋಚವಿಲ್ಲ. ಅದರ ಚಕ್ರ, ಚೈನು, ಪೆಡಲು, ಬ್ರೇಕಿನ ಸರಳು ಎಲ್ಲವೂ ಹೊರಗೇ ಕಾಣುತ್ತವೆ. ಆದುದರಿಂದಲೇ ನಾಲ್ಕು ಅಕ್ಷರ ಕಲಿತವನು ಅದನ್ನು ನೋಡಿದ ಕೂಡಲೆ "ಇದರಲ್ಲಿ ನನಗೆ ತಿಳಿಯದೇ ಇರುವುದು ಏನಿದೆ?" ಎಂದುಕೊಳ್ಳುತ್ತಾನೆ. ಭಾನುವಾರ ಬೆಳಗ್ಗೆ ಸ್ಪ್ಯಾನರು ಹಿಡಿದು ಜಗುಲಿಯ ಮೇಲೆ ಕುಳಿತ ಗೃಹಸ್ಥನಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಕೈಯೆಲ್ಲ ಮಸಿಯಾಗಿರುತ್ತದೆ. ಎಲ್ಲಿಗೆ ಸೇರಿದುವೆಂದು ತಿಳಿಯದ ಎರಡು ವಾಷರುಗಳು ಮುಂದೆ ಉಳಿದಿರುತ್ತವೆ. ಗಣಪತಿಯನ್ನು ಮಾಡಹೋಗಿ ಅವನ ಅಪ್ಪನನ್ನು ಮಾಡಿದ ಗಾದೆ ಆಗ ಮನೆಯವರ ಬಾಯಲ್ಲಿ ಬರುತ್ತದೆ. ಕಣ್ಣಿಗೆ ಇಷ್ಟು ಸರಳವಾಗಿ ತೋರುವ ಯಂತ್ರವು ಕೈಗೆ ಏಕೆ ಇಷ್ಟು ಮೊಂಡಾಗುತ್ತದೆ ಎಂಬುದೇ ಈ ಹೊತ್ತಿನ ವಿಚಾರ.

ಮೊದಲನೆಯ ಕಾರಣ, ನಾವು ನೋಡುವುದು ರೋಗದ ಚಿಹ್ನೆಯನ್ನೇ ಹೊರತು ರೋಗವನ್ನಲ್ಲ. ಪಂಕ್ಚರಿನ ವಿಷಯವನ್ನೇ ತೆಗೆದುಕೊಳ್ಳಿ. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ಪನು 1888ರಲ್ಲಿ ಗಾಳಿ ತುಂಬುವ ಟೈರಿಗೆ ಪೇಟೆಂಟು ಪಡೆದನು. ಅದಕ್ಕೂ ಮೊದಲೇ, 1845ರಲ್ಲಿ, ರಾಬರ್ಟ್ ಥಾಮ್ಸನ್ ಎಂಬಾತನು ಇದೇ ಉಪಾಯವನ್ನು ಕಂಡಿದ್ದನು. ಗಾಳಿಯ ಟೈರು ಬೆನ್ನೆಲುಬಿಗೆ ಸುಖವನ್ನು ತಂದಿತು. ಅದರ ಜೊತೆಯಲ್ಲೇ ಪಂಕ್ಚರನ್ನೂ ತಂದಿತು. ಗೃಹಸ್ಥನು ಟ್ಯೂಬನ್ನು ತೆಗೆದು, ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಬಂದ ಕಡೆ ಪ್ಯಾಚು ಅಂಟಿಸಿ, ಟೈರನ್ನು ಕೂಡಿಸುತ್ತಾನೆ. ಮರುದಿನ ಬೆಳಗ್ಗೆ ಚಕ್ರವು ಮತ್ತೆ ಚಪ್ಪಟೆಯಾಗಿರುತ್ತದೆ. ಜಾಲಿಯ ಮುಳ್ಳು ಟೈರಿನ ಒಳಮೈಯಲ್ಲೇ ಉಳಿದಿತ್ತು; ಅವನು ಗಾಯಕ್ಕೆ ಮದ್ದು ಹಾಕಿದನು, ಮುಳ್ಳನ್ನು ಕೀಳಲಿಲ್ಲ.

ತೂತು ಎಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತದೆ. ಟ್ಯೂಬಿನ ಹೊರಮೈಯಲ್ಲಿದ್ದರೆ ಮುಳ್ಳೋ ಮೊಳೆಯೋ ಕಾರಣ. ರಿಮ್ಮಿನ ಕಡೆಯ ಒಳಮೈಯಲ್ಲಿದ್ದರೆ ಕಡ್ಡಿಯ ತುದಿಯು ಪಟ್ಟಿಯನ್ನು ಮೀರಿ ಚುಚ್ಚಿದೆಯೆಂದು ಅರ್ಥ. ಹಾವು ಕಚ್ಚಿದಂತೆ ಅಕ್ಕಪಕ್ಕದಲ್ಲಿ ಎರಡು ತೂತುಗಳಿದ್ದರೆ, ಗಾಳಿ ಸಾಲದ ಟೈರು ಕಲ್ಲಿನ ಮೇಲೆ ಬಿದ್ದು ಟ್ಯೂಬು ಜಜ್ಜಿಹೋಗಿದೆ. ತೂತೇ ಕಾಣದಿದ್ದರೆ ವಾಲ್ವನ್ನು ನೋಡಬೇಕು. ನಮ್ಮ ಸಾಧಾರಣ ಸೈಕಲ್ಲಿನ ವಾಲ್ವಿನಲ್ಲಿ ಸಣ್ಣ ರಬ್ಬರು ಕೊಳವೆಯೊಂದು ತೂತನ್ನು ಅಪ್ಪಿಕೊಂಡಿರುತ್ತದೆ. ಪಂಪಿನ ಗಾಳಿ ಅದನ್ನು ಸರಿಸಿಕೊಂಡು ಒಳಕ್ಕೆ ಹೋಗುತ್ತದೆ. ಒಳಗಿನ ಗಾಳಿ ಅದನ್ನೇ ಒತ್ತಿ ಬಾಗಿಲು ಹಾಕುತ್ತದೆ. ಆ ರಬ್ಬರು ಹಳತಾಗಿ ಬಿರಿದರೆ ಟ್ಯೂಬು ಎಷ್ಟು ಗಟ್ಟಿಯಾಗಿದ್ದರೂ ಫಲವಿಲ್ಲ. ಅಂಗಡಿಯ ಹುಡುಗನು ಬೆರಳಿಗೆ ಉಗುಳು ಸವರಿ ವಾಲ್ವಿನ ಬಾಯಿಗೆ ಹಚ್ಚುವುದನ್ನು ಕಂಡು ನಾವು ಮೂಗು ಮುರಿಯುತ್ತೇವೆ. ಅವನು ಅರ್ಧ ನಿಮಿಷದಲ್ಲಿ ಮಾಡಿದ್ದು ಶುದ್ಧವಾದ ಪರೀಕ್ಷೆ. ಪ್ಯಾಚಿನಲ್ಲಿಯೂ ಆತುರವೇ ಶತ್ರು. ಸೊಲ್ಯೂಷನ್ ಹಸಿಯಾಗಿರುವಾಗಲೇ ಅಂಟಿಸಿದರೆ ಅದು ಹಿಡಿಯುವುದಿಲ್ಲ; ಹೊಳಪು ಹೋಗುವವರೆಗೆ ಒಣಗಲು ಬಿಡಬೇಕು.

ಎರಡನೆಯ ಕಾರಣ, ಒಂದು ಅಂಗವು ಇನ್ನೊಂದಕ್ಕೆ ತಗುಲಿಕೊಂಡಿರುವುದು. ಚಕ್ರದ ಗುಂಬದಲ್ಲಿ ಉಕ್ಕಿನ ಗುಂಡುಗಳ ಮೇಲೆ ಕೋನು ಕುಳಿತಿರುತ್ತದೆ. ಕೋನು ಬಿಗಿಯಾದರೆ ಚಕ್ರವು ಕರಕರನೆ ನರಳುತ್ತದೆ. ಸಡಿಲವಾದರೆ ಅತ್ತಿತ್ತ ಓಲಾಡುತ್ತದೆ. ಸರಿಯಾದ ನೆಲೆಯನ್ನು ಕಂಡುಹಿಡಿದು ಮೇಲಿನ ನಟ್ಟನ್ನು ಬಿಗಿದ ಕ್ಷಣದಲ್ಲಿ, ನಟ್ಟಿನ ಸಂಗಡ ಕೋನೂ ತಿರುಗಿ ಆ ನೆಲೆಯು ತಪ್ಪಿಹೋಗುತ್ತದೆ. ಇದಕ್ಕೆ ಎರಡು ಸ್ಪ್ಯಾನರುಗಳು ಬೇಕು, ಒಂದು ಕೋನನ್ನು ಹಿಡಿಯಲು, ಮತ್ತೊಂದು ನಟ್ಟನ್ನು ತಿರುಗಿಸಲು. ಕೋನನ್ನು ಕೂದಲೆಳೆಯಷ್ಟು ಸಡಿಲವಾಗಿಯೇ ಇಟ್ಟು ನಟ್ಟನ್ನು ಬಿಗಿದರೆ ಸರಿಹೋಗುತ್ತದೆ. ಚಕ್ರವನ್ನು ಎತ್ತಿ ಹಿಡಿದಾಗ ವಾಲ್ವು ತನ್ನ ಭಾರದಿಂದಲೇ ಕೆಳಗಿಳಿದು ನಿಂತರೆ ಕೆಲಸ ಹದಕ್ಕೆ ಬಂದಿದೆಯೆಂದು ತಿಳಿಯಬಹುದು.

ಬೆಂಡು ತೆಗೆಯುವುದು ಇದಕ್ಕಿಂತಲೂ ಸೂಕ್ಷ್ಮ. ಇಂಗ್ಲೆಂಡಿನ ಹಳೆಯ ಮಾದರಿಯ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನ ಚಕ್ರಕ್ಕೆ 40 ಕಡ್ಡಿಗಳು. ಇವೆಲ್ಲ ಒಂದನ್ನೊಂದು ಎಳೆಯುತ್ತಿರುವುದರಿಂದಲೇ ರಿಮ್ಮು ದುಂಡಾಗಿ ನಿಂತಿದೆ. ರಿಮ್ಮು ಬಲಕ್ಕೆ ವಾಲಿದ್ದರೆ ಆ ಭಾಗದಲ್ಲಿ ಎಡದ ಕಡ್ಡಿಗಳನ್ನು ಬಿಗಿದು ಬಲದವನ್ನು ಸಡಿಲಿಸಬೇಕು, ಅದೂ ಕಾಲು ಸುತ್ತು, ಅರ್ಧ ಸುತ್ತಿನ ಲೆಕ್ಕದಲ್ಲಿ. ಹೊಸಬನು ಒಂದೇ ಕಡ್ಡಿಯನ್ನು ಎರಡು ಸುತ್ತು ತಿರುಗಿಸುತ್ತಾನೆ. ಅಲ್ಲಿಯ ಡೊಂಕು ಹೋಗಿ ಪಕ್ಕದಲ್ಲಿ ಹೊಸ ಡೊಂಕು ಹುಟ್ಟುತ್ತದೆ. ಅದನ್ನು ತಿದ್ದಿದರೆ ಚಕ್ರವು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ನಲವತ್ತು ಮಂದಿ ನಂಟರಿರುವ ಅವಿಭಕ್ತ ಕುಟುಂಬದಲ್ಲಿ ಒಬ್ಬರನ್ನು ಸಮಾಧಾನಪಡಿಸಹೋದಂತೆಯೇ ಇದು.

ಮೂರನೆಯದು ತಿರುಪಿನ ಮರೆಗಳ ಮೋಸ. ಎಡಕ್ಕೆ ತಿರುಗಿಸಿದರೆ ನಟ್ಟು ಬಿಚ್ಚಿಕೊಳ್ಳುತ್ತದೆ ಎಂಬುದು ಎಲ್ಲರೂ ಬಲ್ಲ ನಿಯಮ. ಸೈಕಲ್ಲಿನ ಎಡ ಪೆಡಲು ಈ ನಿಯಮಕ್ಕೆ ಒಳಪಟ್ಟಿಲ್ಲ. ಅದರ ಮರೆ ಎಡಮರೆ. ತುಳಿಯುವಾಗ ಪೆಡಲಿನ ಕಂಬಿಯು ಕ್ರ್ಯಾಂಕಿನ ತೂತಿನೊಳಗೆ ಹೊರಳುತ್ತ ಹೊರಳುತ್ತ ತಾನಾಗಿ ಬಿಚ್ಚಿಹೋಗಬಾರದೆಂದು ಹೀಗೆ ಮಾಡಿದ್ದಾರೆ. ಇದನ್ನರಿಯದವನು ಬಿಚ್ಚುತ್ತೇನೆಂದು ಎಣಿಸಿ ಬಿಗಿಯುತ್ತಲೇ ಹೋಗುತ್ತಾನೆ, ಮರೆ ಸವೆಯುವವರೆಗೂ. ನೆನಪಿಗೆ ಸುಲಭವಾದ ಸೂತ್ರವೊಂದುಂಟು: ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಹಿಂದಿನ ಚಕ್ರದ ಕಡೆಗೆ ಒತ್ತಿದರೆ ಎರಡು ಪೆಡಲುಗಳೂ ಬಿಚ್ಚುತ್ತವೆ, ಮುಂದಿನ ಚಕ್ರದ ಕಡೆಗೆ ಒತ್ತಿದರೆ ಎರಡೂ ಬಿಗಿಯುತ್ತವೆ.

ನಾಲ್ಕನೆಯದು ಅಳತೆಗಳ ಗೊಂದಲ. ಇಂಗ್ಲೆಂಡಿನ ಹಳೆಯ ವಿಟ್ವರ್ತ್ ಸ್ಪ್ಯಾನರುಗಳಿಗೆ ಬೋಲ್ಟಿನ ದಪ್ಪದಿಂದ ಹೆಸರು ಬಂದಿತ್ತು. ಕಾಲಂಗುಲದ ಸ್ಪ್ಯಾನರೆಂಬುದರ ಬಾಯಿ ಅರ್ಧ ಅಂಗುಲಕ್ಕಿಂತಲೂ ಅಗಲ! ಅಂತಹ ನಟ್ಟಿಗೆ 14 ಮಿಲಿಮೀಟರಿನ ಸ್ಪ್ಯಾನರು ಹಾಕಿದರೆ ಅದು ಜಾರಿ, ನಟ್ಟಿನ ಮೂಲೆಗಳು ಸವೆದು, ಆಮೇಲೆ ಯಾವ ಸ್ಪ್ಯಾನರಿಗೂ ಸಿಕ್ಕದಂತಾಗುತ್ತದೆ. ಕ್ರ್ಯಾಂಕಿನ ಅಚ್ಚು ಕೂರುವ ಬಟ್ಟಲಿನಲ್ಲಿ ಇತರ ಇಂಗ್ಲಿಷ್ ತಯಾರಕರು ಸಾಮಾನ್ಯವಾಗಿ ಅಂಗುಲಕ್ಕೆ 24 ಮರೆಗಳನ್ನು ಕೊರೆಯುತ್ತಿದ್ದರೆ, ರಾಲೀ ಕಂಪೆನಿಯವರು ಬಹುಕಾಲ 26 ಮರೆಗಳನ್ನು ಕೊರೆದರು. ಈಗಿನ ಗೇರು ಸೈಕಲ್ಲುಗಳಲ್ಲಿಯೂ ಈ ತೊಡಕು ನೀಗಿಲ್ಲ. ಹಿಂದಿನ ಹಲ್ಲುಚಕ್ರಗಳ ಸಂಖ್ಯೆ ಬೇರೆಯಾದರೆ ಚೈನಿನ ಅಗಲವೂ ಬೇರೆಯಾಗುತ್ತದೆ.

ಇವುಗಳ ಮೇಲೆ ಸವೆತದ ಲೆಕ್ಕವೊಂದಿದೆ. ಚೈನಿನ ಒಂದೊಂದು ಕೊಂಡಿಯೂ ಅರ್ಧ ಅಂಗುಲ. 24 ಕೊಂಡಿಗಳು ಸರಿಯಾಗಿ 12 ಅಂಗುಲವಿರಬೇಕು. ಅವು 12 ಅಂಗುಲದ ಮೇಲೆ ಅಂಗುಲದ ಎಂಟನೆಯ ಒಂದು ಪಾಲು ಬೆಳೆದಿದ್ದರೆ, ಅಷ್ಟು ಹೊತ್ತಿಗೆ ಹಲ್ಲುಗಳೂ ಆ ಚೈನಿಗೆ ಹೊಂದಿಕೊಂಡು ಸವೆದಿರುತ್ತವೆ. ಹೊಸ ಚೈನನ್ನು ಮಾತ್ರ ಹಾಕಿದರೆ ಅದು ಹಳೆಯ ಫ್ರೀವೀಲಿನ ಮೇಲೆ ಜಾರುತ್ತದೆ. ಚೈನನ್ನು ಕಾಲಕಾಲಕ್ಕೆ ಒರೆಸಿ ಎಣ್ಣೆ ಹಾಕದೆ ಉಳಿಸಿದ ಕಾಸು ಹೀಗೆ ಬಡ್ಡಿಸಹಿತ ಹೊರಟುಹೋಗುತ್ತದೆ.

ಹಾಗಾದರೆ ಈ ಕೆಲಸವನ್ನು ಬಿಟ್ಟುಬಿಡಬೇಕೆ? ಬಿಡಬೇಕಾಗಿಲ್ಲ, ಆದರೆ ಇದರಲ್ಲಿ ಪಣವಾಗಿರುವುದು ಏನೆಂದು ತಿಳಿದಿರಬೇಕು. ಪಂಕ್ಚರು ಸರಿಯಾಗದಿದ್ದರೆ ನಡೆದು ಹೋಗಬಹುದು. ಬ್ರೇಕಿನ ಸರಳಿನ ನಟ್ಟೋ ಹ್ಯಾಂಡಲ್ಲಿನ ಬೋಲ್ಟೋ ಸಡಿಲವಾಗಿ ಉಳಿದರೆ ಇಳಿಜಾರಿನಲ್ಲಿ ಪ್ರಾಣಕ್ಕೇ ಸಂಚಕಾರ. ಸವಾರಿ ಮಾಡುವವನು ಅನೇಕ ವೇಳೆ ನಾವಲ್ಲ, ಶಾಲೆಗೆ ಹೊರಟಿರುವ ನಮ್ಮ ಮಗ ಅಥವಾ ಮಗಳು. ಆದುದರಿಂದ ಗಾಳಿ ಹಾಕುವುದು, ಎಣ್ಣೆ ಬಿಡುವುದು, ಪಂಕ್ಚರು ಹಾಕುವುದು, ಬ್ರೇಕಿನ ರಬ್ಬರು ಬದಲಾಯಿಸುವುದು, ವಾರಕ್ಕೊಮ್ಮೆ ನಟ್ಟುಗಳನ್ನು ಮುಟ್ಟಿ ನೋಡುವುದು, ಇವು ಮನೆಯ ಕೆಲಸಗಳಾಗಲಿ. ಬೆಂಡು ತೆಗೆಯುವುದು, ಬಟ್ಟಲು ಬಿಚ್ಚುವುದು, ಫೋರ್ಕನ್ನು ಮುಟ್ಟುವುದು, ಇವನ್ನು ಕಲಿಯುವ ಆಸೆಯಿದ್ದರೆ ಅಂಗಡಿಯವನ ಪಕ್ಕದಲ್ಲಿ ಕುಳಿತು ನೋಡಿ ಕಲಿಯುವುದು ಲೇಸು. ಅಂಗವನ್ನು ಬಿಚ್ಚಿದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಸಾಲಾಗಿ ಇಡುವುದನ್ನು, ಗುಂಡುಗಳನ್ನು ಎಣಿಸಿ ಬಟ್ಟಲಿಗೆ ಹಾಕುವುದನ್ನು ಅವನಲ್ಲಿ ನೋಡಬಹುದು.

ಅಮೆರಿಕದ ಡೇಟನ್ ಪಟ್ಟಣದಲ್ಲಿ 1892ರಲ್ಲಿ ಬೈಸಿಕಲ್ಲಿನ ಅಂಗಡಿಯನ್ನಿಟ್ಟ ರೈಟ್ ಸೋದರರು 1903ರ ಡಿಸೆಂಬರ್ 17ರಂದು ವಿಮಾನವನ್ನು ಹಾರಿಸಿದರು. ಎಂಜಿನ್ನಿನಿಂದ ಪ್ರೊಪೆಲ್ಲರುಗಳಿಗೆ ಶಕ್ತಿಯನ್ನು ಒಯ್ದದ್ದು ಚೈನು. ಆ ಎಂಜಿನ್ನನ್ನು ಕಟ್ಟಿದವನು ಅವರ ಅಂಗಡಿಯ ಕುಶಲಿ ಚಾರ್ಲ್ಸ್ ಟೇಲರ್. ಕೈಯ ವಿದ್ಯೆಯನ್ನು ಕೀಳೆಂದು ಎಣಿಸುವವರು ಇದನ್ನು ಜ್ಞಾಪಕದಲ್ಲಿಡಬೇಕು. ಒಂದು ಭಾನುವಾರವೆಲ್ಲ ಒಂದು ಚಕ್ರದೊಡನೆ ಹೆಣಗಾಡಿದವನಿಗೆ ಬೀದಿಯ ಕೊನೆಯ ಮರದ ನೆರಳಿನಲ್ಲಿ ಕುಳಿತ ಸೈಕಲ್ಲಿನವನ ಬೆಲೆ ತಿಳಿಯುತ್ತದೆ. ಅವನು ಕೇಳಿದ ಕೂಲಿಯಲ್ಲಿ ಚೌಕಾಸಿ ಮಾಡಲು ಆತನಿಗೆ ಆಮೇಲೆ ಮನಸ್ಸು ಬರುವುದಿಲ್ಲ.